ಸೂರತ್ ಸೀರೆಯ ಬಣ್ಣಕ್ಕೂ, ಬಣ್ಣದ ನೀರಿನ ಶುದ್ಧೀಕರಣಕ್ಕೂ ಒಂದೇ ಅಯಾನು: ಏನಿದು ಧ್ರುವೀಕರಣ ಸಾಮರ್ಥ್ಯ?

ಗುಜರಾತ್‌ನ ವಡೋದರಾ ರಾಸಾಯನಿಕಗಳಿಗೆ, ಅಹಮದಾಬಾದ್ ಡೈಗಳಿಗೆ, ಸೂರತ್ ಪಾಲಿಯೆಸ್ಟರ್ ಸೀರೆಗಳಿಗೆ ಹೆಸರುವಾಸಿ. ಈ ಮೂರೂ ಉದ್ಯಮಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಅಲ್ಯೂಮಿನಿಯಂ ಅಯಾನು. ಬಣ್ಣ ತಯಾರಿಸಲು ಅದು ಬೇಕು, ಬಣ್ಣದ ಕೊಳೆನೀರನ್ನು ತಿಳಿಯಾಗಿಸಲೂ ಅದೇ ಬೇಕು. ಇದಕ್ಕೆ ಕಾರಣ, ಪಿಯುಸಿ ವಿದ್ಯಾರ್ಥಿಗಳು ಪರೀಕ್ಷೆಗೆಂದು ಓದುವ 'ಧ್ರುವೀಕರಣ ಸಾಮರ್ಥ್ಯ'.

ಏನಿದು ಧ್ರುವೀಕರಣ ಸಾಮರ್ಥ್ಯ?

ಧನ ಅಯಾನು ತನ್ನ ಪಕ್ಕದ ಋಣ ಅಯಾನಿನ ಎಲೆಕ್ಟ್ರಾನ್ ಮೋಡವನ್ನು ತನ್ನತ್ತ ಎಳೆದು ಅದರ ಆಕಾರ ಕೆಡಿಸುತ್ತದೆ. ಹೀಗೆ ಎಳೆಯುವ ಶಕ್ತಿಯೇ ಧ್ರುವೀಕರಣ ಸಾಮರ್ಥ್ಯ. ಅಯಾನು ಚಿಕ್ಕದಾಗಿದ್ದಷ್ಟೂ, ಅದರ ಆವೇಶ ಹೆಚ್ಚಿದಷ್ಟೂ ಎಳೆತ ಜೋರು. ಎಳೆತ ಬಲವಾದರೆ ಎಲೆಕ್ಟ್ರಾನ್‌ಗಳು ಇಬ್ಬರ ನಡುವೆ ಹಂಚಿಕೆಯಾಗಿ, ಬಂಧಕ್ಕೆ ಸಹವೇಲೆನ್ಸೀಯ ಗುಣ ಬರುತ್ತದೆ. ಪೋಲೆಂಡ್ ಮೂಲದ ರಸಾಯನ ವಿಜ್ಞಾನಿ ಕಾಜಿಮಿಯೆರ್ಜ್ ಫಾಜಾನ್ಸ್ 1923ರಲ್ಲಿ ಇದನ್ನು ನಿಯಮಗಳ ರೂಪದಲ್ಲಿ ಹೇಳಿದರು.

ಆವರ್ತಕ ಕೋಷ್ಟಕದಲ್ಲಿ ಹೇಗೆ ಬದಲಾಗುತ್ತದೆ?

ಮೂರನೇ ಆವರ್ತದಲ್ಲಿ ಎಡದಿಂದ ಬಲಕ್ಕೆ ಸಾಗಿ. ಸೋಡಿಯಂ ಅಯಾನಿನ ಆವೇಶ +1, ತ್ರಿಜ್ಯ ಸುಮಾರು 102 ಪಿಕೋಮೀಟರ್. ಮೆಗ್ನೀಸಿಯಂ +2, 72 ಪಿಕೋಮೀಟರ್. ಅಲ್ಯೂಮಿನಿಯಂ +3, ಸುಮಾರು 54 ಪಿಕೋಮೀಟರ್ ಮಾತ್ರ. ಆವೇಶವನ್ನು ತ್ರಿಜ್ಯದಿಂದ ಭಾಗಿಸಿದರೆ ಅಲ್ಯೂಮಿನಿಯಂನ ಮೌಲ್ಯ ಸೋಡಿಯಂನ ಐದೂವರೆ ಪಟ್ಟಿಗಿಂತ ಹೆಚ್ಚು.

ಪರಿಣಾಮ ಕಣ್ಣಿಗೇ ಕಾಣುತ್ತದೆ. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್ ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಮೆಗ್ನೀಸಿಯಂ ಕ್ಲೋರೈಡ್‌ಗೆ ಸುಮಾರು 714 ಡಿಗ್ರಿ ಸಾಕು. ಅಲ್ಯೂಮಿನಿಯಂ ಕ್ಲೋರೈಡ್ ಸುಮಾರು 180 ಡಿಗ್ರಿಯಲ್ಲಿ ನೇರವಾಗಿ ಆವಿಯಾಗುತ್ತದೆ!

ಗುಂಪಿನಲ್ಲಿ ಕೆಳಗಿಳಿದಂತೆ ಅಯಾನು ದೊಡ್ಡದಾಗುವುದರಿಂದ ಈ ಸಾಮರ್ಥ್ಯ ಕುಗ್ಗುತ್ತದೆ. ಲಿಥಿಯಂಗೆ ಹೆಚ್ಚು, ಸೋಡಿಯಂಗೆ ಕಡಿಮೆ, ಪೊಟ್ಯಾಸಿಯಂಗೆ ಇನ್ನೂ ಕಡಿಮೆ. ಋಣ ಅಯಾನುಗಳ ಲೆಕ್ಕ ಬೇರೆ: ಅವು ದೊಡ್ಡದಾದಷ್ಟೂ ಸುಲಭವಾಗಿ ಎಳೆತಕ್ಕೆ ಒಳಗಾಗುತ್ತವೆ. ಹಾಗಾಗಿ ಕ್ಲೋರೈಡ್‌ಗಿಂತ ಅಯೋಡೈಡ್ ಬೇಗ ಬಾಗುತ್ತದೆ.

ವಡೋದರಾದಿಂದ ಸೂರತ್‌ವರೆಗೆ

1973ರಲ್ಲಿ ಸ್ಥಾಪನೆಯಾದ ವಡೋದರಾದ ಗುಜರಾತ್ ಆಲ್ಕಲೀಸ್ ಆ್ಯಂಡ್ ಕೆಮಿಕಲ್ಸ್ ಕಂಪನಿ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ, ಕ್ಲೋರಿನ್ ತಯಾರಿಸುತ್ತದೆ. ನೀರಿನಂಶವಿಲ್ಲದ ಅಲ್ಯೂಮಿನಿಯಂ ಕ್ಲೋರೈಡ್ ಕೂಡ ಅದರ ಉತ್ಪನ್ನಗಳಲ್ಲೊಂದು.

ಈ ಪುಡಿಗೆ ಎಲೆಕ್ಟ್ರಾನ್‌ಗಳ ಹಸಿವು ಹೆಚ್ಚು. ಬೇರೆ ಅಣುಗಳಿಂದ ಎಲೆಕ್ಟ್ರಾನ್ ಎಳೆದುಕೊಂಡು, ಬೆಂಜೀನ್‌ನಂಥ ಉಂಗುರಗಳ ಜೊತೆ ಅವು ಸೇರುವಂತೆ ಮಾಡುತ್ತದೆ. ಇದೇ 1877ರಲ್ಲಿ ಪತ್ತೆಯಾದ ಫ್ರೀಡೆಲ್-ಕ್ರಾಫ್ಟ್ಸ್ ಕ್ರಿಯೆ. ಆಂಥ್ರಾಕ್ವಿನೋನ್ ಎಂಬ ವಸ್ತುವನ್ನು ಈ ಮಾರ್ಗದಲ್ಲಿ ಪಡೆಯಬಹುದು. ಪಾಲಿಯೆಸ್ಟರ್‌ಗೆ ಹಾಕುವ ಹಲವು ನೀಲಿ ಡೈಗಳ ಮೂಲರಚನೆ ಅದೇ.

ಆದರೆ ಈ ಹಸಿವೇ ಅಪಾಯವೂ ಹೌದು. ಪುಡಿಗೆ ಮಳೆಗಾಲದ ತೇವ ತಗುಲಿದರೂ ಸಾಕು, ಹೈಡ್ರೋಜನ್ ಕ್ಲೋರೈಡ್ ಹೊಗೆ ಏಳುತ್ತದೆ. ಅದು ಕಣ್ಣು, ಶ್ವಾಸಕೋಶವನ್ನು ಸುಡುತ್ತದೆ. ಹಾಗಾಗಿ ಇದನ್ನು ಗಾಳಿಯಾಡದ ಡ್ರಮ್‌ಗಳಲ್ಲಿ, ಒಣ ಜಾಗದಲ್ಲೇ ಇಡಬೇಕು. ಹೊತ್ತಿಕೊಂಡ ಬೆಂಕಿಗೆ ನೀರು ಹಾಕುವಂತೆ ಇದರ ಮೇಲೆ ನೀರು ಸುರಿಯುವುದು ದೊಡ್ಡ ತಪ್ಪು.

ಶುದ್ಧೀಕರಣಕ್ಕೂ ಅದೇ ಅಯಾನು, ಆದರೆ ಮಿತಿಯಿದೆ

ನೀರಿನಲ್ಲಿ ಅಲ್ಯೂಮಿನಿಯಂ ಅಯಾನನ್ನು ಆರು ನೀರಿನ ಅಣುಗಳು ಸುತ್ತುವರಿಯುತ್ತವೆ. ಎಳೆತ ಎಷ್ಟು ಬಲವೆಂದರೆ ಆ ಅಣುಗಳಿಂದ ಹೈಡ್ರೋಜನ್ ಅಯಾನು ಕಳಚಿಕೊಳ್ಳುತ್ತದೆ. ಪಟಿಕದ ನೀರು ಹುಳಿಯಾಗುವುದು ಇದರಿಂದಲೇ; ಈ ಅಯಾನಿನ ಆಮ್ಲೀಯತೆ ಹೆಚ್ಚೂಕಡಿಮೆ ವಿನೆಗರ್‌ನ ಆಮ್ಲದಷ್ಟು. ಸೋಡಿಯಂ ಅಯಾನಿಗೆ ಈ ಶಕ್ತಿ ಇಲ್ಲ. ಆಮ್ಲೀಯತೆ ಸರಿಪಡಿಸಿದಾಗ ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನ ಹತ್ತಿಯಂಥ ಮುದ್ದೆಗಳಾಗಿ, ನೀರಿನಲ್ಲಿ ತೇಲುವ ಕಣಗಳನ್ನು ಹಿಡಿದು ತಳ ಸೇರುತ್ತದೆ.

ಪಾಲಿಯೆಸ್ಟರ್‌ಗೆ ಬಳಸುವ ಡಿಸ್ಪರ್ಸ್ ಡೈಗಳು ನೀರಿನಲ್ಲಿ ಅಷ್ಟಾಗಿ ಕರಗದ ಸಣ್ಣ ಕಣಗಳು. ಆದ್ದರಿಂದ ಇವು ಚೆನ್ನಾಗಿ ಸಿಕ್ಕಿಬೀಳುತ್ತವೆ. ಹತ್ತಿ ಬಟ್ಟೆಯ ರಿಯಾಕ್ಟಿವ್ ಡೈಗಳು ನೀರಿನಲ್ಲಿ ಪೂರ್ತಿ ಕರಗುವುದರಿಂದ ಬಹಳಷ್ಟು ತಪ್ಪಿಸಿಕೊಳ್ಳುತ್ತವೆ. ಕರಗಿದ ಉಪ್ಪಂತೂ ಹಾಗೆಯೇ ಉಳಿಯುತ್ತದೆ. ತಳ ಸೇರಿದ ಕೆಸರನ್ನು ಬೇರೆಯಾಗಿ ವಿಲೇವಾರಿ ಮಾಡಬೇಕು.

ಸಾಬರಮತಿ ನದಿಯ ಮಾಲಿನ್ಯದ ಬಗ್ಗೆ ಗುಜರಾತ್ ಹೈಕೋರ್ಟ್ 2021ರಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತ್ತು. ಕೊಳೆನೀರು ನೋಡಲು ತಿಳಿಯಾದ ಮಾತ್ರಕ್ಕೆ ಶುದ್ಧವಾಯಿತು ಎನ್ನಲಾಗದು. ಅಲ್ಯೂಮಿನಿಯಂ ಏನನ್ನು ಹಿಡಿಯಬಲ್ಲದು, ಏನನ್ನು ಬಿಟ್ಟುಬಿಡುತ್ತದೆ ಎಂದು ತಿಳಿದರೆ ಮಾತ್ರ ಮುಂದಿನ ಹಂತದ ಶುದ್ಧೀಕರಣ ಏಕೆ ಬೇಕು ಎಂಬುದೂ ಅರ್ಥವಾಗುತ್ತದೆ.