ನಿಮಗಿದು ಗೊತ್ತೆ? ಉಳುಕು ತಡೆಯಲು ಬೂಟೊಂದೇ ಸಾಲದು

ಸೇನೆಗೆ ಹೊಸದಾಗಿ ಸೇರಿದವರನ್ನು ತರಬೇತಿಯಲ್ಲಿ ಪದೇ ಪದೇ ಕಾಡುವ ಗಾಯಗಳಲ್ಲಿ ಪಾದದ ಕೀಲಿನ ಉಳುಕೂ ಒಂದು.

● ಇಸ್ರೇಲ್ ಕಾಲಾಳು ಪಡೆಯ 390 ಹೊಸ ಸೈನಿಕರ ಮೇಲೆ ನಡೆದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 18ರಷ್ಟು ಮಂದಿಗೆ ಮೂಲ ತರಬೇತಿಯಲ್ಲೇ ಕಾಲು ಉಳುಕಿತ್ತು.

● ಹಗುರವಾದ ಸೇನಾ ಬೂಟು ತೊಟ್ಟವರಿಗೂ ಬ್ಯಾಸ್ಕೆಟ್‌ಬಾಲ್ ಶೂ ತೊಟ್ಟವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎತ್ತರ, ತೂಕ ಹೆಚ್ಚಿದ್ದವರು ಮತ್ತು ಹಿಂದೊಮ್ಮೆ ಕಾಲು ಉಳುಕಿದ್ದವರೇ ಹೆಚ್ಚಾಗಿ ಗಾಯಗೊಂಡಿದ್ದರು.

● ಪಾದ ಒಳಕ್ಕೆ ಹೊರಳಿದಾಗ ಕೀಲಿನ ಹೊರಬದಿಯ ಅಸ್ಥಿರಜ್ಜು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಪಾದದ ಭಂಗಿಯನ್ನು ಮಿದುಳಿಗೆ ತಿಳಿಸುವ ನರತುದಿಗಳಿಗೂ ಪೆಟ್ಟು ಬೀಳಬಹುದು. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕಲು ಇದೂ ಒಂದು ಕಾರಣ.

● ಸಮತೋಲನದ ವ್ಯಾಯಾಮ ಈ ಅಪಾಯವನ್ನು ತಗ್ಗಿಸುತ್ತದೆ. ಮೊದಲು ಒಂಟಿ ಕಾಲಲ್ಲಿ ನಿಲ್ಲುವುದು, ಆಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಕೊನೆಗೆ ಅಲುಗಾಡುವ ಹಲಗೆಯ ಮೇಲೆ ನಿಲ್ಲುವುದು.

● ರಬ್ಬರ್ ಪಟ್ಟಿಯನ್ನು ಪಾದಕ್ಕೆ ಸುತ್ತಿ, ಅದರ ಎಳೆತಕ್ಕೆ ಎದುರಾಗಿ ಪಾದವನ್ನು ಹೊರಕ್ಕೆ ತಿರುಗಿಸಿದರೆ, ಪಾದ ಒಳಕ್ಕೆ ಹೊರಳದಂತೆ ಹಿಡಿಯುವ ಸ್ನಾಯುಗಳು ಬಲಗೊಳ್ಳುತ್ತವೆ.

ಸೇನಾ ಭರ್ತಿಗೆಂದು ಓಟದ ಅಭ್ಯಾಸದಲ್ಲಿರುವ ನಮ್ಮ ಯುವಕ–ಯುವತಿಯರೂ ದಿನಕ್ಕೆ ಕೆಲವು ನಿಮಿಷ ಇದಕ್ಕೆ ಮೀಸಲಿಡಲಿ. ಹಳೆಯ ಉಳುಕಿದ್ದರೆ ಮೊದಲು ವೈದ್ಯರನ್ನು ಕಾಣಲಿ.