ಎರಡನೇ ತರಗತಿ ಎಲ್ಲಿ ಹೋಯಿತು?

2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆಗಳಿಗೆ ಬೀಗ ಬಿದ್ದಾಗ ಒಂದನೇ ತರಗತಿಯಲ್ಲಿದ್ದ ಮಗು, ಕರ್ನಾಟಕದಲ್ಲಿ ಮತ್ತೆ ತರಗತಿಯ ಕೋಣೆ ಹೊಕ್ಕಿದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಅದು ಮೂರನೇ ತರಗತಿಗೆ ಬಂದಿತ್ತು. ನಡುವಿನ ಎರಡನೇ ತರಗತಿ ಹಾಜರಿ ಪುಸ್ತಕದಲ್ಲಷ್ಟೇ ಮುಗಿದಿತ್ತು.

ಮೊಬೈಲಿನಲ್ಲಿ, ಟಿ.ವಿ.ಯಲ್ಲಿ ಪಾಠ ನಡೆಯಿತಲ್ಲ ಎನ್ನಬಹುದು. ಆದರೆ ನಮ್ಮ ಸರ್ಕಾರಿ ಶಾಲೆಗಳ ‘ನಲಿ–ಕಲಿ’ ತರಗತಿಯನ್ನು ನೆನಪಿಸಿಕೊಳ್ಳಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ ಈ ಪದ್ಧತಿಯಲ್ಲಿ ಮಗು ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ಕಲಿಕೆಯ ಏಣಿಯನ್ನು ತನ್ನ ವೇಗಕ್ಕೆ ತಕ್ಕಂತೆ ಹತ್ತುತ್ತದೆ. ‘ಅಕ್ಕ’ ಎನ್ನುವುದನ್ನು ‘ಅಕ’ ಎಂದು ಬರೆದರೆ ಮೇಷ್ಟ್ರು ಅಲ್ಲೇ ಬಗ್ಗಿ, ಕೈಹಿಡಿದು ತಿದ್ದುತ್ತಾರೆ. ಫೋನು ಬಗ್ಗುವುದಿಲ್ಲ. ಇನ್ನು ಮನೆಗೊಂದೇ ಫೋನಿದ್ದಲ್ಲಿ ಅದು ಬೆಳಿಗ್ಗೆಯೇ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೊರಡುತ್ತಿತ್ತು! ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗುವ ‘ವಿದ್ಯಾಗಮ’ 2020ರ ಆಗಸ್ಟ್‌ನಲ್ಲಿ ಆರಂಭವಾದರೂ ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತಿತು.

ಪರಿಣಾಮವೇನು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ, ಎರಡರಿಂದ ಆರನೇ ತರಗತಿಯವರೆಗಿನ 16,067 ಮಕ್ಕಳನ್ನು ಪರೀಕ್ಷಿಸಿ 2021ರ ಫೆಬ್ರುವರಿಯಲ್ಲಿ ವರದಿ ಪ್ರಕಟಿಸಿತು. ಹಿಂದಿನ ವರ್ಷ ಕೈವಶವಾಗಿದ್ದ ಭಾಷಾ ಕೌಶಲಗಳಲ್ಲಿ ಕನಿಷ್ಠ ಒಂದನ್ನು ಶೇ. 92ರಷ್ಟು ಮಕ್ಕಳು ಕಳೆದುಕೊಂಡಿದ್ದರು; ಗಣಿತದಲ್ಲಿ ಶೇ. 82ರಷ್ಟು. ಗಮನಿಸಿ, ಇದು ಹೊಸ ಪಾಠ ತಪ್ಪಿಹೋದ ಲೆಕ್ಕವಲ್ಲ, ಬರುತ್ತಿದ್ದುದೇ ಮರೆತ ಲೆಕ್ಕ. ಓದು ಇನ್ನೂ ರೂಢಿಯಾಗದ ಸಣ್ಣ ಮಕ್ಕಳಿಗೆ ಅಭ್ಯಾಸ ತಪ್ಪಿದರೆ ಅಕ್ಷರ ಜಾರುವುದು ಬೇಗ. ಮುಂದಿನ ತರಗತಿಯ ಪುಸ್ತಕವೋ, ಹಿಂದಿನದು ಬರುತ್ತದೆಂದೇ ನಂಬಿ ಶುರುವಾಗುತ್ತದೆ.

ಆದ್ದರಿಂದಲೇ 2022–23ರಲ್ಲಿ ರಾಜ್ಯ ಸರ್ಕಾರ ‘ಕಲಿಕಾ ಚೇತರಿಕೆ’ ತಂದಿತು. ಐದನೇ ತರಗತಿಯ ಹುಡುಗನಿಗೆ ಕೆಳಗಿನ ತರಗತಿಯ ಪಾಠ ಕಲಿಸಲು ಮೇಷ್ಟ್ರು ಇನ್ನು ಸಂಕೋಚಪಡಬೇಕಿರಲಿಲ್ಲ.