ಉಂಗುರ ಒಂದೇ, ಹರಳು ಬೇರೆ

ಮಕ್ಕಳೇ, ಮೊದಲು ಒಂದು ಒಗಟು. ಮುದ್ದೇಬಿಹಾಳದ ಎರೆಹೊಲದಲ್ಲಿ ಹಿಂಗಾರಿ ಜೋಳ ಹಸಿರಾಗಿ ನಿಂತಿದೆ. ಬದುವಿನ ಮೇಲೆ ಓಡುತ್ತಿದ್ದ ಹುಡುಗನೊಬ್ಬ ಎಡವಿ ಬಿದ್ದ, ಮೊಣಕಾಲು ತರಚಿ ಕೆಂಪು ರಕ್ತ ಬಂತು. ಆ ಹಸಿರಿಗೂ ಈ ಕೆಂಪಿಗೂ ಏನು ನಂಟು?

ಮನೆಯಲ್ಲಿರುವ ಮುತ್ಯಾನನ್ನೂ ಅಜ್ಜಿಯನ್ನೂ ಕೇಳಿ ನೋಡಿ. ‘ಏನೂ ಇಲ್ಲ’ ಎಂದರೆ ಇದನ್ನು ಅವರಿಗೆ ಓದಿ ಹೇಳಿ. ಎರಡೂ ಒಂದೇ ಮನೆತನದ ಬಣ್ಣಗಳು. ಆ ಮನೆತನದ ಹೆಸರು ಪಾರ್ಫಿರಿನ್. ಗ್ರೀಕ್ ಭಾಷೆಯಲ್ಲಿ ನೇರಳೆ ಬಣ್ಣಕ್ಕಿರುವ ಪದದಿಂದ ಬಂದ ಹೆಸರು ಇದು.

ಹರಳು ಬದಲಾದರೆ ಕೆಲಸವೂ ಬದಲು

ಅವ್ವನ ಬೆರಳಿನಲ್ಲಿರುವ ಹರಳಿನ ಉಂಗುರ ನೋಡಿದ್ದೀರಲ್ಲ? ಪಾರ್ಫಿರಿನ್ ಅಣುವೂ ಹಾಗೆಯೇ. ಇಂಗಾಲ ಮತ್ತು ಸಾರಜನಕದ ಪರಮಾಣುಗಳಿಂದಾದ ನಾಲ್ಕು ಪುಟ್ಟ ಬಳೆಗಳು ಕೈಕೈ ಹಿಡಿದು ಒಂದು ದೊಡ್ಡ ಉಂಗುರವಾಗುತ್ತವೆ. ನಡುವೆ ಖಾಲಿ ಜಾಗ. ಅಲ್ಲಿ ಲೋಹದ ಒಂದೇ ಒಂದು ಪರಮಾಣು ಹರಳಿನಂತೆ ಕೂರುತ್ತದೆ.

ಕಬ್ಬಿಣ ಕೂತರೆ ಅದು ‘ಹೀಮ್’. ರಕ್ತದ ಹಿಮೋಗ್ಲೋಬಿನ್‌ನ ಒಂದೊಂದು ಅಣುವಿನಲ್ಲೂ ಇಂಥ ನಾಲ್ಕು ಉಂಗುರಗಳಿವೆ. ಉಸಿರಾಡಿದಾಗ ಒಳಗೆ ಬಂದ ಆಮ್ಲಜನಕವನ್ನು ಹಿಡಿದು ಮೈತುಂಬ ಹಂಚುವುದು ಅವುಗಳ ಕೆಲಸ. ಉಂಗುರದ ಅಂಚು ತುಸು ಬದಲಾಗಿ, ನಡುವೆ ಮೆಗ್ನೀಸಿಯಂ ಕೂತರೆ ಅದು ಎಲೆಯ ಹಸಿರು, ಅಂದರೆ ಪತ್ರಹರಿತ್ತು. ಬಿಸಿಲನ್ನು ಹಿಡಿದು ಗಿಡಕ್ಕೆ ಅಡುಗೆ ಮಾಡಿಕೊಡುವುದು ಅದರ ಕೆಲಸ. ಈ ಎರಡು ಬಣ್ಣಗಳ ರಚನೆಯನ್ನು ಬಿಡಿಸಿದ್ದಕ್ಕಾಗಿ ಜರ್ಮನಿಯ ಹಾನ್ಸ್ ಫಿಷರ್ ಅವರಿಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಉಂಗುರ ಒಡೆಯುವುದನ್ನೂ ನೀವು ನೋಡಿದ್ದೀರಿ. ಪೆಟ್ಟು ಬಿದ್ದ ಜಾಗ ಮೊದಲು ನೀಲಿಗಟ್ಟಿ, ಕೆಲವು ದಿನಗಳಲ್ಲಿ ಹಸಿರಾಗಿ, ಆಮೇಲೆ ಹಳದಿಯಾಗುತ್ತದಲ್ಲ? ಚರ್ಮದ ಕೆಳಗೆ ಸೋರಿದ ರಕ್ತದ ಹೀಮ್ ಉಂಗುರವನ್ನು ದೇಹ ಕತ್ತರಿಸಿದಾಗ ಮೊದಲು ಹಸಿರು ಬಣ್ಣ, ಬಳಿಕ ಹಳದಿ ಬಣ್ಣ ಹುಟ್ಟುತ್ತದೆ. ಒಳಗಿದ್ದ ಕಬ್ಬಿಣವನ್ನು ಮಾತ್ರ ದೇಹ ಬಿಸಾಡುವುದಿಲ್ಲ, ಜೋಪಾನವಾಗಿ ಎತ್ತಿಟ್ಟು ಮತ್ತೆ ಬಳಸುತ್ತದೆ.

ಅಂಗೈಗೆ ಟಾರ್ಚ್ ಹಿಡಿಯಿರಿ

ಇಂಥ ಉಂಗುರಗಳನ್ನು ವಿಜ್ಞಾನಿಗಳು ಈಗ ಪ್ರಯೋಗಾಲಯದಲ್ಲೇ ಕಟ್ಟುತ್ತಾರೆ. ಯಾಕೆಂದು ತಿಳಿಯಲು ಒಂದು ಪ್ರಯೋಗ ಮಾಡಿ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಅಂಗೈಗೆ ಒತ್ತಿ ಹಿಡಿಯಿರಿ. ಕೈ ಆಚೆ ಬದಿಯಲ್ಲಿ ಕೆಂಪಗೆ ಹೊಳೆಯುತ್ತದೆ. ಟಾರ್ಚಿನ ಬೆಳಕು ಬಿಳಿ, ಆಚೆ ಬಂದದ್ದು ಮಾತ್ರ ಕೆಂಪು. ನೀಲಿ, ಹಸಿರು ಬೆಳಕನ್ನು ರಕ್ತದ ಹೀಮ್ ನುಂಗಿಬಿಟ್ಟಿತು. ಕೆಂಪು ಬೆಳಕು ಪಾರಾಗಿ ಬಂತು.

ಇದೇ ಕೆಂಪು ಬೆಳಕನ್ನು ವೈದ್ಯರು ಕೆಲವು ಬಗೆಯ ಕ್ಯಾನ್ಸರ್ ಚಿಕಿತ್ಸೆಗೆ ಬಳಸುತ್ತಾರೆ. ಪಾರ್ಫಿರಿನ್ ಔಷಧವನ್ನು ರಕ್ತಕ್ಕೆ ಕೊಡುತ್ತಾರೆ. ಅದು ಗೆಡ್ಡೆಯಲ್ಲಿ ಹೆಚ್ಚಾಗಿ ಉಳಿದುಕೊಳ್ಳುತ್ತದೆ. ಆ ಜಾಗಕ್ಕೆ ಕೆಂಪು ಬೆಳಕು ಬಿಟ್ಟರೆ ಪಾರ್ಫಿರಿನ್ ಅದನ್ನು ಹೀರಿ, ಪಕ್ಕದಲ್ಲಿರುವ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ರೋಗದ ಕಣಗಳನ್ನು ಕೊಲ್ಲುತ್ತದೆ. ಇಂಥ ಔಷಧವೊಂದಕ್ಕೆ 1993ರಲ್ಲಿ ಕೆನಡಾ ಒಪ್ಪಿಗೆ ನೀಡಿತು. ಆದರೆ ಎರಡು ತೊಡಕು. ಔಷಧ ಪಡೆದವರು ಕೆಲವು ವಾರ ಬಿಸಿಲಿಗೆ ಬರುವಂತಿಲ್ಲ. ಜೊತೆಗೆ, ಬೆಳಕು ಮೈಯೊಳಗೆ ತುಂಬ ಆಳಕ್ಕೆ ಹೋಗುವುದಿಲ್ಲ.

ಆಳಕ್ಕೆ ಹೋಗಬೇಕಾದರೆ ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು ಬೇಕು. ಅದನ್ನು ಹೀರಲು ಉಂಗುರವೂ ದೊಡ್ಡದಾಗಬೇಕು. ಇಲ್ಲಿ ಕನ್ನಡ ನಾಡಿನ ಒಬ್ಬ ವಿಜ್ಞಾನಿಯ ಹೆಸರು ಬರುತ್ತದೆ: ಟಿ.ಕೆ. ಚಂದ್ರಶೇಖರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಕಲಿತ ಅವರು ಕಾನ್ಪುರದ ಐಐಟಿಯಲ್ಲಿ ಶಿಷ್ಯರೊಂದಿಗೆ ನಾಲ್ಕರ ಬದಲು ಐದು, ಆರು ಮತ್ತು ಅದಕ್ಕೂ ಹೆಚ್ಚು ಬಳೆಗಳ ಉಂಗುರಗಳನ್ನು ಕಟ್ಟಿದರು. ಕೆಲವೆಡೆ ಸಾರಜನಕದ ಜಾಗದಲ್ಲಿ ಗಂಧಕವನ್ನು ಕೂರಿಸಿದರು. 2001ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು. ಈ ದೊಡ್ಡ ಉಂಗುರಗಳಿಗೆ ಚಂದದ ಹೆಸರುಗಳಿವೆ. ಐದು ಬಳೆಯದಕ್ಕೆ ನೀಲಮಣಿಯಿಂದ ಬಂದ ‘ಸಫೈರಿನ್’, ಆರರದಕ್ಕೆ ಮಾಣಿಕ್ಯದಿಂದ ಬಂದ ‘ರೂಬಿರಿನ್’.

ಎಲೆಯಂತೆ ಬಿಸಿಲು ಹಿಡಿದು ವಿದ್ಯುತ್ ಮಾಡಲೂ ಪಾರ್ಫಿರಿನ್ ಬಳಸುತ್ತಾರೆ. 2014ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಪಾರ್ಫಿರಿನ್ ಬಣ್ಣ ಹಚ್ಚಿದ ಸೌರಕೋಶದಿಂದ, ಬಿದ್ದ ಬೆಳಕಿನ 100 ಪಾಲಿನಲ್ಲಿ 13 ಪಾಲನ್ನು ವಿದ್ಯುತ್ ಮಾಡಿ ತೋರಿಸಿದರು. ಮನೆಯ ಮಾಳಿಗೆಯ ಮೇಲೆ ಕೂರಿಸುವ ಸಿಲಿಕಾನ್ ಫಲಕಕ್ಕೆ ಇದು ಇನ್ನೂ ಸಮವಲ್ಲ. ಕೆಲಸ ನಡೆದಿದೆ.

ನಿಮ್ಮ ಮೈಯೊಳಗಿನ ಕಾರ್ಖಾನೆ

ಪ್ರಯೋಗಾಲಯ ದೂರವಿರಬಹುದು. ಆದರೆ ನಿಮ್ಮ ಮೂಳೆಗಳ ಒಳಗೆ, ನೆಣದಲ್ಲಿ, ಈ ಉಂಗುರಗಳು ಪ್ರತಿ ಕ್ಷಣವೂ ತಯಾರಾಗುತ್ತಿವೆ. ಒಂದೇ ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಅಷ್ಟಕ್ಕೂ ಹರಳು ಬೇಕು. ಕಬ್ಬಿಣ ಸಾಲದಿದ್ದರೆ ಏನಾಗುತ್ತದೆ? ರಕ್ತಹೀನತೆ. ಆಟದಲ್ಲಿ ಬೇಗ ದಣಿವು, ಪಾಠದಲ್ಲಿ ಮಂಕು, ಮೆಟ್ಟಿಲು ಹತ್ತಿದರೆ ಏದುಸಿರು. ಹುಡುಗಿಯರಲ್ಲಿ ಇದು ಹೆಚ್ಚು. ಅಜ್ಜಿಯರು ‘ವಯಸ್ಸಾಯಿತು, ಅದಕ್ಕೇ ಸುಸ್ತು’ ಎಂದು ಸುಮ್ಮನಿರುವುದೂ ಉಂಟು. ವಯಸ್ಸಾದವರಲ್ಲಿ ರಕ್ತ ಕಡಿಮೆಯಾಗಲು ಬೇರೆ ಕಾರಣವೂ ಇರಬಹುದು. ಆದ್ದರಿಂದ ಪರೀಕ್ಷೆ ಮಾಡಿಸಲೇಬೇಕು.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ, ಚಿಕ್ಕವರಿಗೆ ಗುಲಾಬಿ, 10 ವರ್ಷ ತುಂಬಿದವರಿಗೆ ನೀಲಿ, ಈ ಹರಳನ್ನೇ ತರುತ್ತದೆ. ಹೊಟ್ಟೆ ತೊಳಸುತ್ತದೆಂದು ಅದನ್ನು ಕಿಟಕಿಯಾಚೆ ಎಸೆಯಬೇಡಿ. ಉಂಡ ಮೇಲೆ ನುಂಗಿದರೆ ತೊಂದರೆ ಕಡಿಮೆ.

ಊಟದ ತಾಟಿನಲ್ಲೂ ಉಪಾಯವಿದೆ. ರೊಟ್ಟಿಯ ಜೊತೆ ಮೆಂತ್ಯ, ರಾಜಗಿರಿ ಸೊಪ್ಪು, ಕಾಳಿನ ಪಲ್ಯ ಇರಲಿ. ಅದರ ಮೇಲೆ ಪಕ್ಕದ ಇಂಡಿಯ ನಿಂಬೆಹಣ್ಣು ಹಿಂಡಿ. ನಿಂಬೆಯಲ್ಲಿರುವ ಸಿ ಜೀವಸತ್ವ, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ನೆರವಾಗುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅದಕ್ಕೆ ಅಡ್ಡಿ. ಆದ್ದರಿಂದ ಮುತ್ಯಾ, ನಿಮ್ಮ ಚಹಾ ಒಂದು ತಾಸು ಕಾಯಲಿ!